ಸದ್ದು ಮಾಡದ ಕಂಪ್ಯೂಟರ್

ಕಂಪ್ಯೂಟರ್ ಅಂಗಡಿಗೆ ಬೇರೆ ಗಿರಾಕಿಗಳು ಬಂದರೆ ಗೇಮ್ ಓಡುತ್ತದೆಯೇ, ಇನ್ನೂ ಕಡಿಮೆಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಇವನು ಕ್ಯಾಬಿನೆಟ್ ಫ್ಯಾನುಗಳನ್ನು ಒಂದೊಂದಾಗಿ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಕಿವಿಯನ್ನು ಅದರ ಬಳಿ ಒಯ್ದು ಕೇಳುತ್ತ ನಿಂತ.

ಅಂಗಡಿ ನೋಡಿಕೊಳ್ಳುತ್ತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. "ನಿಮಗೆ ಬೇಕಿರೋದು ಕಂಪ್ಯೂಟರಾ, ತೊಟ್ಟಿಲಾ?" ಎಂದಳು.

ಅವನು ಕಣ್ಣು ತೆರೆದು ಅವಳನ್ನೇ ನೋಡಿದ. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಸದ್ದು ಮಾಡಬಾರದು, ಅಷ್ಟೇ, ಎಂದು ಪಿಸುಗುಟ್ಟಿ, ಏನನ್ನೂ ಕೊಳ್ಳದೆ ಹೊರಟುಹೋದ.

ಕಣ್ಣು ಮಂಜಾದ ಮೇಲೆ ಅಂಗಡಿಯನ್ನು ಮಗಳಿಗೆ ಬಿಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕೂರುತ್ತಿದ್ದ ಅಪ್ಪ, ಪಿಸುಮಾತಿನಲ್ಲಿ ಚೌಕಾಸಿ ಮಾಡುವವನನ್ನು ಇವತ್ತೇ ಕಂಡೆ ಎಂದರು. ಹೊತ್ತು ಕಳೆಯಲು ಬಂದವನಿರಬೇಕು ಎಂದು ಅವಳೂ ಅಂದುಕೊಂಡಳು. ಮರುದಿನ ಅವನು ಮತ್ತೆ ಬಂದು ಅದೇ ಫ್ಯಾನುಗಳ ಮುಂದೆ ನಿಂತಾಗ ರೇಗಿತು.

"ಸ್ವಲ್ಪ ಬಾಯಿಬಿಟ್ಟು ಮಾತಾಡಿ. ಇಲ್ಲಿ ಯಾರೂ ಕದ್ದು ಕೇಳಲ್ಲ."

ಅವನು ಬಾಯಿಬಿಟ್ಟ. "ಕ್ಷಮಿಸಿ. ದನಿನ ನೋಡಿಕೊಂಡು ಖರ್ಚು ಮಾಡು ಅಂದಿದಾರೆ ಡಾಕ್ಟ್ರು."

ಅಂಚು ಸವೆದ, ಆದರೆ ಒಳಗಿನ್ನೂ ಬೆಚ್ಚಗಿದ್ದ ದನಿ. ಎಲ್ಲೋ ಕೇಳಿದ್ದೆನಲ್ಲ ಎಂದು ಅವಳಿಗೆ ಎನಿಸಿತು. ಅಪ್ಪ ಕತ್ತೆತ್ತಿದರು, ಕಣ್ಣಿಗಿಂತ ಅವರ ಕಿವಿ ಚುರುಕು. ಟೀವಿಯ ಪೇಂಟಿನ ಜಾಹೀರಾತಿನ ದನಿಯವನಲ್ಲವೇ ನೀನು ಎಂದು ಕೇಳಿದರು. ಹೌದೆಂದ. ಅವನು ಡಬ್ಬಿಂಗ್ ಕಲಾವಿದ. ಸಿನಿಮಾಗಳಲ್ಲಿ ಖಳನಾಯಕನ ಪಕ್ಕ ನಿಂತು, ಎರಡು ಮಾತಾಡಿ, ಗುಂಡೇಟು ತಿಂದು ಬೀಳುವವರಿಗೆಲ್ಲ ಇವನದೇ ದನಿ. ಸಾಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ನಕ್ಕ. ಆಮೇಲೆ, ಯಾರದೋ ಸುದ್ದಿ ಹೇಳುವಂತೆ ಉಳಿದದ್ದನ್ನೂ ಹೇಳಿದ. ಗಂಟಲಲ್ಲಿ ಗಂಟು. ಔಷಧಕ್ಕೆ ಬಗ್ಗಲಿಲ್ಲ. ಮುಂದಿನ ತಿಂಗಳು ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅಷ್ಟರೊಳಗೆ ಆದಷ್ಟು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ, ಅವುಗಳಿಂದ ಕಂಪ್ಯೂಟರ್ ಅವನದೇ ದನಿಯನ್ನು ಕಟ್ಟಿಕೊಡುತ್ತದಂತೆ. ಟೈಪ್ ಮಾಡಿದ್ದನ್ನು ಅದು ಮಾತಾಡುತ್ತದಂತೆ. ಸ್ಟುಡಿಯೋ ಬಾಡಿಗೆ ಕೊಡುವ ಶಕ್ತಿಯಿಲ್ಲ. ಮನೆಯ ಕೋಣೆಯಲ್ಲೇ ಆಗಬೇಕು. ಮೈಕಿನ ಪಕ್ಕದಲ್ಲಿ ಫ್ಯಾನು ಗುಂಯ್ ಎಂದರೆ ಎಲ್ಲ ವ್ಯರ್ಥ.

ಅವಳು ನಾಲಿಗೆ ಕಚ್ಚಿಕೊಂಡಳು. ತೊಟ್ಟಿಲಿನ ಮಾತು ತನ್ನ ಬಾಯಲ್ಲೇ ಇನ್ನೂ ಇದ್ದಂತೆ ಅನ್ನಿಸಿತು.

ಅವನ ಅಕ್ಕ ಆಪರೇಷನ್ನಿಗೆಂದು ಹಣ ತೆಗೆದಿಟ್ಟು ಮಿಕ್ಕಿದ್ದರಲ್ಲಿ ಇದೆಲ್ಲ ಆಗಬೇಕಿತ್ತು. ಕೈ ಬಹಳ ಬಿಗಿ. ಅವಳು ಸ್ಟೂಲ್ ಎಳೆದು ಅವನನ್ನು ಕೂರಿಸಿ, ಸಾಮಾನುಗಳನ್ನು ಮೇಜಿನ ಮೇಲೆ ಹರಡಿದಳು. ಗ್ರಾಫಿಕ್ಸ್ ಕಾರ್ಡ್ ಬೇಡ. ಪ್ರೊಸೆಸರಿನೊಳಗೇ ಇರುವುದು ಸಾಕು. ತಿರುಗುವ ಹಾರ್ಡ್ ಡಿಸ್ಕ್ ಗರಗರ ಎನ್ನುತ್ತದೆ, ಆದ್ದರಿಂದ ಎಸ್ಎಸ್‌ಡಿ. ಪುಟ್ಟ ಫ್ಯಾನು ಜೋರಾಗಿ ಓಡಿ ಕಿರುಚುತ್ತದೆ. ದೊಡ್ಡದು ನಿಧಾನ ತಿರುಗಿ ತೆಪ್ಪಗಿರುತ್ತದೆ. ಕ್ಯಾಬಿನೆಟ್, ಮಾನಿಟರ್ ಎರಡೂ ಸೆಕೆಂಡ್ ಹ್ಯಾಂಡ್ ಆದರೆ ಸಾಕು. ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಬೇಡ, ಅದು ಕೆಟ್ಟರೆ ಉಳಿದವನ್ನೂ ಕರೆದುಕೊಂಡು ಹೋಗುತ್ತದೆ.

ಹಾಗೆಂದವಳು ಅವನ ಮುಖ ನೋಡಿ ಮಾತನ್ನು ಬೆಲೆಪಟ್ಟಿಯತ್ತ ತಿರುಗಿಸಿದಳು.

ಕೊನೆಗೆ ಎರಡರಲ್ಲಿ ಒಂದು ಆರಿಸಬೇಕಾಯಿತು. ಒಳ್ಳೆಯ ಪ್ರೊಸೆಸರ್, ಇಲ್ಲವೇ ಒಳ್ಳೆಯ ಮೈಕು. ಮುಂದೆ ಇದೇ ತನ್ನ ಬಾಯಿ ಆಗುವುದರಿಂದ ತಡವರಿಸದ ಪ್ರೊಸೆಸರ್ ಬೇಕೆಂಬುದು ಅವನ ಲೆಕ್ಕ.

"ಪ್ರೊಸೆಸರ್ ಯಾವಾಗ ಬೇಕಾದ್ರೂ ಬದಲಾಯಿಸಬಹುದು" ಎಂದಳು ಅವಳು, ಕತ್ತು ತಗ್ಗಿಸಿ. "ದನಿ ಈಗ ಹಿಡಿದಿದ್ದೇ ಕೊನೆ. ಮೈಕ್ ತಗೊಳ್ಳಿ."

ಅವನು ಪ್ರೊಸೆಸರಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಅವಳು ಮೆಮೊರಿ ಚಿಪ್‌ಗಳನ್ನು ಸುಮ್ಮಸುಮ್ಮನೆ ಜೋಡಿಸಿ ಕೆಡಿಸಿದಳು. ತಲೆ ಎತ್ತಿದಾಗ ಅವನು ಮೇಜಿನ ಮೇಲಿನ ಸಾಮಾನು ಬಿಟ್ಟು ಅವಳ ಬೆರಳುಗಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಕಣ್ಣು ತಿರುಗಿಸಿದ. ಅವಳ ಕಿವಿ ಬಿಸಿಯಾಯಿತು.

ಜೋಡಿಸಿಕೊಡಲು ಅವಳೇ ಮನೆಗೆ ಹೋದಳು. ಅಕ್ಕ ಹೊಲಿಗೆ ಕೆಲಸದವಳು, ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗಿದ್ದಳು. ಗೋಡೆಗೆಲ್ಲ ಹಳೆಯ ಕಂಬಳಿ ತೂಗುಹಾಕಿ, ಕಿಟಕಿಗೆ ಹಾಸಿಗೆ ಒರಗಿಸಿದ್ದರು. ಅಕ್ಕ ತನ್ನ ಮೆಷಿನ್ನನ್ನು ಪಕ್ಕದ ಮನೆಗೆ ಸಾಗಿಸಿದ್ದಳು. ಕಂಪ್ಯೂಟರ್ ಚಾಲೂ ಆದಾಗ ಅವನು ಮಂಡಿಯೂರಿ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ. ಚಾಲೂ ಆಗಿದೆ ತಾನೇ ಎಂದು ಕೇಳಿದ.

"ದೀಪ ಉರೀತಿದೆ ನೋಡಿ. ನಿಮ್ಮ ಹಾಗೇ ಇದೂ, ಪಿಸುಗುಟ್ಟೋದು" ಎಂದಳು. ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಅಕ್ಕ ತಂದ ಕರವಸ್ತ್ರವನ್ನು ಅವಳು ನೋಡದ ಹಾಗೆ ಮಡಚಿಟ್ಟುಕೊಂಡ. ಅದರ ಮೇಲಿನ ಕೆಂಪನ್ನು ಅವಳು ನೋಡಿದ್ದಳು.

ಆಮೇಲೆ ಅವಳಿಗೆ ದಿನಾ ಒಂದು ನೆವ ಸಿಗತೊಡಗಿತು. ಒಂದು ದಿನ ವೈರು ಸಡಿಲ, ಇನ್ನೊಂದು ದಿನ ಬ್ಯಾಕಪ್. ಅಪ್ಪ, ಆ ಕಂಪ್ಯೂಟರ್ ಇಷ್ಟು ಕೆಡುವಂಥದಾದರೆ ವಾಪಸ್ ತಂದುಬಿಡು ಎಂದು ಕುಟುಕಿದರು. ಮಧ್ಯಾಹ್ನ ಕಂಬಳಿಗಳ ಕತ್ತಲಲ್ಲಿ ಅವನು ಓದುತ್ತಿದ್ದ, ಅವಳು ಪರದೆಯ ಮೇಲೆ ಅವನ ದನಿಗೆ ತಕ್ಕಂತೆ ಏಳುಬೀಳುವ ಹಸಿರು ಗೆರೆಯನ್ನು ಕಾಯುತ್ತಿದ್ದಳು. ಉಪ್ಪು ಸಾಲದು ಎಂಬ ವಾಕ್ಯವನ್ನೂ ಸೇರಿಸು, ಇಲ್ಲದಿದ್ದರೆ ನನ್ನ ಅಡುಗೆಯಲ್ಲಿ ಕೊರತೆಯೇ ಇಲ್ಲ ಎಂದುಕೊಂಡುಬಿಡುತ್ತೇನೆ ಎಂದಳು ಅಕ್ಕ. ಅವನು ಅದನ್ನು ಖಳನಾಯಕನ ಠೀವಿಯಲ್ಲಿ ಓದಿದ. ಮೂವರೂ ನಕ್ಕರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದುಹೋದಳು.

ದನಿ ಅವರು ಎಣಿಸಿದ್ದಕ್ಕಿಂತ ಬೇಗ ಸೋಲತೊಡಗಿತು. ಬೆಳಿಗ್ಗೆ ಚೆನ್ನಾಗಿ ಬಂದ ವಾಕ್ಯ ಸಂಜೆಗೆ ಅರ್ಧದಲ್ಲೇ ಒಡೆಯುತ್ತಿತ್ತು. ಓದಬೇಕಾದದ್ದು ಇನ್ನೂ ಬೇಕಾದಷ್ಟು ಉಳಿದಿರುವಾಗಲೇ, ಗೊತ್ತಾದ ದಿನಕ್ಕಿಂತ ಮೊದಲೇ ಆಪರೇಷನ್ ಮಾಡಲು ಡಾಕ್ಟರು ನಿರ್ಧರಿಸಿದರು. ನಾಳೆಯೇ ಬಂದು ದಾಖಲಾಗಿ ಎಂದರು.

ಆ ಸಂಜೆ ಅವನು ಮೈಕಿನ ಮುಂದೆ ಕೂತಿದ್ದ, ಓದುತ್ತಿರಲಿಲ್ಲ. ಅವಳು ಹಸಿರು ಗೆರೆಯನ್ನು ನಿಲ್ಲಿಸಿದಳು.

"ನನಗೇನೂ ಹೇಳೋದಿಲ್ವಾ ನೀವು?"

ಅವನು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡ. "ಹೇಳಿದ್ರೆ ನೀವು ಕಾಯ್ತೀರ. ಅದಕ್ಕೇ ಹೇಳಲ್ಲ."

"ಕಾಯೋದು ಬಿಡೋದು ನನ್ನಿಷ್ಟ."

"ಕತ್ತಲ್ಲಿ ತೂತು ಮಾಡ್ತಾರೆ. ಅದರಲ್ಲೇ ಉಸಿರಾಡಬೇಕು. ಎಷ್ಟು ವರ್ಷ ಅಂತ ಅವರಿಗೂ ಗೊತ್ತಿಲ್ಲ. ನಿಮಗೆ ಇದೆಲ್ಲ ಯಾಕೆ?"

ಮಾತು ಮುಗಿಯುವಷ್ಟರಲ್ಲಿ ದನಿ ಬರಿಯ ಗಾಳಿಯಾಗಿತ್ತು. ಅವಳಿಗೆ ಅವನ ಮೇಲೆ ಸಿಟ್ಟು ಉಕ್ಕಿತು. ಹೋಗುವವನಿಗೆ ಒಳ್ಳೆಯದಾಗಲಿ ಎಂದು ಸಹ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಆ ದನಿಯಲ್ಲಿ ಅವಳು ಕೇಳಿದ ಕೊನೆಯ ಮಾತು ಅದೇ ಆಯಿತು.

ಆಪರೇಷನ್ ಆದ ಮೇಲೆ ಆಸ್ಪತ್ರೆಗೆ ಹೋದಳು. ಅವನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ. ರೆಪ್ಪೆ ಅದುರುತ್ತಿತ್ತು. ಕತ್ತಿಗೆ ಸುತ್ತಿದ ಬಿಳಿ ಬಟ್ಟೆಯಿಂದ ಒಂದು ಕೊಳವೆ ಹೊರಬಂದಿತ್ತು, ಉಸಿರು ಅಲ್ಲಿಂದ ಸೀಟಿಯಂತೆ ಬರುತ್ತಿತ್ತು. ಮತ್ತೆ ಬರಬೇಡ, ಅವನಿಗೆ ಕಷ್ಟವಾಗುತ್ತದೆ ಎಂದು ಅಕ್ಕ ಕಾರಿಡಾರಿನಲ್ಲಿ ಕೈಮುಗಿದಳು. ಅವಳು ಮತ್ತೆ ಆ ಕಡೆ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸವಿಲ್ಲದಿದ್ದರೂ ಸ್ಕ್ರೂಗಳನ್ನು ಸುರಿದುಕೊಂಡು ಅಳತೆಗೆ ತಕ್ಕಂತೆ ವಿಂಗಡಿಸುತ್ತಿದ್ದಳು. ಅಪ್ಪ ಟೀವಿಯಲ್ಲಿ ಪೇಂಟಿನ ಜಾಹೀರಾತು ಬಂದರೆ ತಡವರಿಸಿಕೊಂಡು ಎದ್ದು ಬಂದ್ ಮಾಡುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕನೇ ಅಂಗಡಿಗೆ ಬಂದಳು. ಮನೆಗೆ ಬಂದಾಗಿನಿಂದ ಅವನು ಕಂಪ್ಯೂಟರ್ ಮುಟ್ಟಿಲ್ಲ, ಅದರ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ದಾನೆ, ಊಟ ಬೇಕೋ ಬೇಡವೋ ಎಂದೂ ತಿಳಿಸುವುದಿಲ್ಲ ಎಂದಳು. "ಬರಬೇಡ ಅಂದೋಳು ನಾನೇ. ಈಗ ನಾನೇ ಕರೀತಿದೀನಿ. ಬರ್ತೀಯಾ ತಾಯಿ?"

ಅವನು ಕಿಟಕಿಯ ಬಳಿ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಅವಳನ್ನು ಕಂಡು ಕತ್ತಿನ ಬಟ್ಟೆಯನ್ನು ಎಳೆದು ಸರಿಮಾಡಿಕೊಂಡು ಮುಖ ತಿರುಗಿಸಿದ. ಅವಳು ನೇರ ಕಂಪ್ಯೂಟರಿನ ಬಳಿ ಹೋದಳು. ಬೆಡ್‌ಶೀಟ್ ತೆಗೆದಳು, ಧೂಳು ಒರೆಸಿದಳು, ಗುಂಡಿ ಒತ್ತಿದಳು, ಕೀಬೋರ್ಡನ್ನು ಅವನ ತೊಡೆಯ ಮೇಲಿಟ್ಟಳು. ತೆಗೆದು ಬಿಸಾಡುತ್ತಾನೆ ಎಂದುಕೊಂಡಳು. ಬಹಳ ಹೊತ್ತಾದ ಮೇಲೆ ಅವನ ಬೆರಳು ಆಡಿತು.

"ಇದು ನಾನಲ್ಲ" ಎಂದಿತು ಕಂಪ್ಯೂಟರ್.

ಅವನದೇ ದನಿ, ಆದರೆ ಉಸಿರಿಲ್ಲದ್ದು. ಓದಿ ಮುಗಿಸದ ವಾಕ್ಯಗಳ ಕೊರತೆಯೋ ಏನೋ, ಅಲ್ಲಲ್ಲಿ ತಗ್ಗಿಗೆ ಬಿದ್ದಂತೆ ಮುಗ್ಗರಿಸುತ್ತಿತ್ತು. ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅಲ್ಲ. ಆದ್ರೆ ಟೈಪ್ ಮಾಡಿದ್ದು ನೀವೇ ತಾನೇ? ನನಗೆ ಅಷ್ಟು ಸಾಕು."

ಅವನ ಭುಜಗಳು ಕುಲುಕಿದವು. ಅಳುವಿಗೂ ಸದ್ದಿರಲಿಲ್ಲ. ಅವಳು ಹತ್ತಿರ ಹೋಗಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅಕ್ಕ ಬಾಗಿಲ ಬಳಿ ಬಂದು, ನೋಡಿ, ಹಾಗೇ ಹಿಂದೆ ಸರಿದಳು.

ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಅಂಗಡಿಗೆ ಬನ್ನಿ ಎಂದು ಅವಳೇ ಅವನನ್ನು ಕರೆದಳು. ಮೊದಮೊದಲು ಜನ ಕತ್ತನ್ನೇ ದಿಟ್ಟಿಸುತ್ತಾರೆಂದು ಹಿಂದಿನ ಮೂಲೆಯಲ್ಲಿ, ಗೋಡೆಗೆ ಮುಖಮಾಡಿ ಕೂರುತ್ತಿದ್ದ. ವೈರುಗಳನ್ನು ಕಟ್ಟುವುದು, ಪ್ರೊಸೆಸರ್ ಕೂರಿಸುವುದು ಕಲಿತ. ತಪಾಸಣೆಯ ದಿನ ಹತ್ತಿರವಾದಂತೆ ಇಬ್ಬರಿಗೂ ಅನ್ನ ಇಳಿಯುತ್ತಿರಲಿಲ್ಲ. ಈ ಸಲ ಏನೂ ಇಲ್ಲ ಎಂದು ಡಾಕ್ಟರು ಹೇಳಿದರೆ, ಮುಂದಿನ ಸಲದವರೆಗೆ ಬದುಕುತ್ತಿದ್ದರು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅವಳು ಕೇಳಿದ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ. ಕಂಪ್ಯೂಟರಿನ ಬಾಯಿಂದ ಅದಕ್ಕೆ ಉತ್ತರ ಹೇಳಿಸಲು ಅವನಿಗೆ ಮನಸ್ಸಿರಲಿಲ್ಲವೆಂದು ಅವಳು ಬಲ್ಲಳು.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಪ್ರಿಂಟರ್ ರಿಪೇರಿಗೆ ಬಂದಳು. ಮಾತಿನ ಮಲ್ಲಿ. ಅಂಗಡಿಯ ಉದ್ದಗಲ ವಿಚಾರಿಸಿದ ಮೇಲೆ, ಮೂಲೆಯಲ್ಲಿದ್ದವನ ಕಡೆ ತಿರುಗಿ, ಸ್ಕ್ರೂಡ್ರೈವರ್ ಹಿಡಿದಿದ್ದ ಅವಳನ್ನು ತೋರಿಸಿ, "ಏನ್ರೀ, ಇವರು ನಿಮ್ಮ ಮಿಸೆಸ್ಸಾ?" ಎಂದು ಕೇಳಿದಳು.

ಅವಳ ಕೈ ನಿಂತಿತು. ಅಪ್ಪ ಟೀ ಲೋಟವನ್ನು ಬಾಯಿಗಿಡದೆ ಹಿಡಿದುಕೊಂಡರು.

ಅವನು ಗೋಡೆಯಿಂದ ಮುಖ ತಿರುಗಿಸಿದ. ಹೆಂಗಸನ್ನು ನೋಡಲಿಲ್ಲ, ಅವಳನ್ನು ನೋಡಿದ. ಕತ್ತಿನ ಬಟ್ಟೆಯೊಳಗೆ ಉಸಿರು ಏರಿಳಿಯುವುದು ಕಾಣುತ್ತಿತ್ತು. ಆಮೇಲೆ, ನಿಧಾನವಾಗಿ, ಹೌದೆಂದು ತಲೆಯಾಡಿಸಿದ.

"ಒಳ್ಳೆ ಜೋಡಿ" ಎಂದಳು ಹೆಂಗಸು, ಪ್ರಿಂಟರನ್ನು ಮುಂದಕ್ಕೆ ತಳ್ಳುತ್ತ. "ಇದು ಯಾವಾಗ ಸಿಗುತ್ತೆ ಹೇಳಿ."

ಸ್ಕ್ರೂಡ್ರೈವರ್ ಹಿಡಿದವಳಿಗೆ ಉತ್ತರಿಸಲು ದನಿ ಬರಲಿಲ್ಲ.