ಸೆವ್ರಿನ್ ಟೀಚರ್ ಬಿಟ್ಟುಹೋದ ಲೇಸು

ಐವತ್ತಾರನೇ ಇಸವಿಯಲ್ಲಿ ಮಾಟುಂಗದ ನಮ್ಮ ಚಾಳಿನಲ್ಲೇ ನಡೆದದ್ದು. ದಿಂಬಿನ ಮೇಲೆ ಪಿನ್ನು ಚುಚ್ಚಿ, ನೂಲು ಸುತ್ತಿದ ಕಡ್ಡಿಗಳನ್ನು ಆಡಿಸಿ ಲೇಸ್ ಹೆಣೆಯಲು ಕಲಿಸುತ್ತಿದ್ದ ಸೆವ್ರಿನ್ ಟೀಚರ್, ಮಗಳ ಮದುವೆ ಮುಸುಕಿನ ಅಂಚು ಒಂದು ಗೇಣು ಬಾಕಿಯಿರುವಾಗ ತೀರಿಕೊಂಡರು. ಮುಗಿಸಲು ಕೂತವಳು ಶಿಷ್ಯೆ ಅಪ್ಪಿ. ಅವಳು ಎಡಚಿ. "ಬಲದ ಕಡ್ಡಿ ಎಡದ್ದರ ಮೇಲೆ ಹಾಕು ಮಾರಾಯ್ತಿ!" ಎಂದು ಟೀಚರ್ ಎಷ್ಟು ಬೈದಿದ್ದರೂ ಅವಳ ಕೈ ತಿರುವುಮುರುವಾಗಿಯೇ ಓಡುತ್ತಿತ್ತು.

ಮಧ್ಯಾಹ್ನ ಅಪ್ಪಿ ಕೈ ನಿಲ್ಲಿಸಿದರೂ ಕಡ್ಡಿಗಳ ಟಿಕ್ ಟಿಕ್ ತುಸು ಹೊತ್ತು ಕೇಳುತ್ತಿತ್ತು. ಮುಟ್ಟಿದರೆ ಪಿನ್ನುಗಳು ಬೆಚ್ಚಗಿದ್ದವು.

"ಟೀಚರೇ, ತಪ್ಪಾದ್ರೆ ಹೊಟ್ಟೆಗೆ ಹಾಕಿಕೊಳ್ಳಿ ಆಯ್ತಾ" ಎಂದಳು ಅಪ್ಪಿ.

ಪಿನ್ನು ಕೀಳದೆ ಆ ಹೆಣಿಗೆ ಬಿಚ್ಚಲು ಬರುವುದಿಲ್ಲ. ಅಂಚು ಮುಗಿದ ಮೇಲೆ, ತಾನು ಚುಚ್ಚಿದಲ್ಲೇ ಇದ್ದ ಪಿನ್ನುಗಳನ್ನೆಲ್ಲ ಅವಳೇ ಕಿತ್ತಳು, ನನ್ನ ಕಣ್ಣೆದುರೇ. ಆ ಗೇಣುದ್ದಕ್ಕೂ ಪ್ರತಿ ಸುತ್ತೂ ಬಲದ ನೂಲು ಎಡದ್ದರ ಮೇಲಿತ್ತು.