ಬಾಗಿದ ರ‍್ಯಾಕೆಟ್

ಬೆಳಿಗ್ಗೆ ಒಂಬತ್ತಕ್ಕೆ ಹುಡುಗಿ ತನ್ನ ಕ್ಯಾಮೆರಾ ತೆರೆದು ನೋಡಿದಳು. ಮೆಮೊರಿ ಕಾರ್ಡ್ ಇರಲಿಲ್ಲ. ನಿನ್ನೆಯ ಟೆನಿಸ್ ಫೈನಲ್ ಪೂರ್ತಿ ಅದರಲ್ಲಿತ್ತು.

ಪತ್ರಿಕೆಯಲ್ಲಿ ಕ್ರೀಡಾ ಫೋಟೊ ತೆಗೆಯುವವರು ಮೂವರು. ಇಬ್ಬರನ್ನಷ್ಟೇ ಉಳಿಸಿಕೊಳ್ಳುವುದೆಂದು ಸಂಪಾದಕರು ಹೇಳಿಯಾಗಿತ್ತು. ಫೈನಲ್ ಚಿತ್ರವೇ ಪರೀಕ್ಷೆ. ಹುಡುಗಿಯ ಬಳಿ ಈಗ ಚಿತ್ರವೇ ಇಲ್ಲ.

ಸುದ್ದಿ ಕೇಳಿ ರಿಪೇರಿ ಕೋಣೆಯಿಂದ ದೊಡ್ಡಮ್ಮ ಬಂದರು. ಕಚೇರಿಗೆಲ್ಲ ಆಕೆ ದೊಡ್ಡಮ್ಮ. ಮೂವತ್ತು ವರ್ಷದಿಂದ ಕ್ಯಾಮೆರಾಗಳ ಹೊಟ್ಟೆ ಬಿಚ್ಚಿ ನೋಡಿದವರು.

"ಕ್ಯಾಮೆರಾ ಇಡೋ ಕಪಾಟಿನ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ, ಮಾವನ ಹತ್ರ, ಮೀಸೆ ಹತ್ರ."

ಮಾವ ಎಂದರೆ ಅವಳ ಸ್ವಂತ ಸೋದರಮಾವ. ಕ್ಯಾಮೆರಾ ಹಿಡಿಯಲು ಕಲಿಸಿದವರೇ ಅವರು. ಮೀಸೆ ಎಂದು ಎಲ್ಲರೂ ಕರೆಯುವ ಮೂರನೆಯ ಫೋಟೊಗ್ರಾಫರ್ ಜಂಬಗಾರ. ನಿನ್ನೆ ಕಪಾಟು ಮುಚ್ಚಿ ಕೊನೆಗೆ ಹೋದವನು ಅವನೇ. ಕಚೇರಿ ಆಗಲೇ ಅವನಿಗೆ ಶಿಕ್ಷೆ ಬರೆದಿತ್ತು. ಜಂಬಗಾರನನ್ನು ದೂರಲು ಸಾಕ್ಷಿ ಯಾರಿಗೆ ಬೇಕು?

*

"ಅವಳ ಕಾರ್ಡು ನನಗ್ಯಾಕೆ?" ಎಂದ ಮೀಸೆ. "ನನ್ನ ಹೊಸ ಕ್ಯಾಮೆರಾ ಸೆಕೆಂಡಿಗೆ ಮೂವತ್ತು ಚಿತ್ರ ಹೊಡೆಯುತ್ತೆ. ಅವಳದು ನಡುವಿನ ತಲೆಮಾರು, ಇಪ್ಪತ್ತು. ಮಾವಂದು ಪ್ರತಿ ಚಿತ್ರಕ್ಕೂ ಒಳಗಿನ ಕನ್ನಡಿ ಕುಣಿಸೋ ಹಳೇದು, ಹನ್ನೊಂದು. ಕದಿಯೋ ದರ್ದು ನನಗಿಲ್ಲ."

ಮಾವ ಆಗಲೇ ಚಿತ್ರ ಕೊಟ್ಟಿದ್ದರು. ಸರ್ವ್ ಮಾಡುತ್ತಿರುವ ಆಟಗಾರ್ತಿ, ರ‍್ಯಾಕೆಟ್ಟಿನ ತಂತಿಗೆ ಆಗಷ್ಟೇ ತಾಗಿದ ಚೆಂಡು. ಎಂಥವರೂ ಹೊಟ್ಟೆಕಿಚ್ಚು ಪಡಬೇಕಾದ ಚಿತ್ರ.

"ನಾವಿಬ್ರೂ ಅಕ್ಕಪಕ್ಕ ಕೂತಿದ್ವಿ," ಎಂದರು ಮಾವ. "ಅವಳ ಚಿತ್ರಾನೂ ಹೀಗೇ ಇದ್ದಿರಬಹುದು."

ಅದನ್ನು ಯಾರೂ ಕೇಳಿರಲಿಲ್ಲ. ದೊಡ್ಡಮ್ಮ ಚಿತ್ರದ ಮೇಲೆ ಭೂತಗನ್ನಡಿ ಇಟ್ಟರು.

"ಯಾವ ಶಟರ್ ಹಾಕಿದ್ದೆ, ಮಗಳೇ?"

"ಸದ್ದಿಲ್ಲದ್ದು. ಸರ್ವ್ ಹೊತ್ತಲ್ಲಿ ಟಕಟಕ ಅಂದ್ರೆ ಅಂಪೈರ್ ಬೈತಾರೆ."

"ಯಾರಾದ್ರೂ ಒಂದು ರ‍್ಯಾಕೆಟ್ ತನ್ನಿ. ಮೂರೂ ಕ್ಯಾಮೆರಾ ಇಲ್ಲಿಡಿ."

*

ಮೀಸೆ ಪಡಸಾಲೆಯಲ್ಲಿ ನಿಂತು ಬೆವರಿಳಿಯುವಂತೆ ರ‍್ಯಾಕೆಟ್ ಬೀಸಿದ. ದೊಡ್ಡಮ್ಮ ಒಂದೊಂದು ಕ್ಯಾಮೆರಾದಲ್ಲೂ ಚಿತ್ರ ಹೊಡೆದರು. ಹಳೆಯದರಲ್ಲಿ ಹಿಡಿ ನೆಟ್ಟಗಿತ್ತು. ಹೊಸದರಲ್ಲೂ ನೆಟ್ಟಗೆ. ಹುಡುಗಿಯದರಲ್ಲಿ ಮಾತ್ರ ಬಾಳೆಹಣ್ಣಿನ ಹಾಗೆ ಬಾಗಿತ್ತು.

"ಇದರ ಸದ್ದಿಲ್ಲದ ಶಟರ್ ಚಿತ್ರಾನ ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಓದುತ್ತೆ," ಎಂದರು ದೊಡ್ಡಮ್ಮ. "ಕೆಳಗೆ ಬರೋದ್ರೊಳಗೆ ರ‍್ಯಾಕೆಟ್ ಜಾಗ ಬದಲಾಯಿಸಿರುತ್ತೆ, ಅದಕ್ಕೇ ಡೊಂಕು. ಮೀಸೆಯದು ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಓದಿ ಮುಗಿಸುತ್ತೆ. ಹಳೇದರಲ್ಲಿ ಶಟರಿನ ಪರದೆ ಸರ‍್ರಂತ ಓಡುತ್ತೆ. ಮಾವ ಕೊಟ್ಟ ಚಿತ್ರದಲ್ಲಿ ಹಿಡಿ ಡೊಂಕಾಗಿದೆ."

ಮಾವ ಫೈಲಿನಿಂದ ಅವಳ ಹೆಸರು ಅಳಿಸಿದ್ದರು, ಕ್ಯಾಮೆರಾ ನಂಬರೂ ಅಳಿಸಿದ್ದರು. ಆದರೆ ಇಷ್ಟು ವರ್ಷ ಕನ್ನಡಿ ಕ್ಯಾಮೆರಾದಲ್ಲೇ ಕಳೆದವರಿಗೆ ಬಾಗಿದ ಹಿಡಿಯನ್ನು ಹುಡುಕಿ ನೋಡುವ ಅಭ್ಯಾಸವೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡದ್ದು ಬೇರೆ.

ಅವರು ಜೇಬಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು.

"ಕಣ್ಣು ಮಂಜಾಗ್ತಿದೆ. ನಿನ್ನೆ ಒಂದು ಚಿತ್ರಾನೂ ಸರಿ ಬರಲಿಲ್ಲ. ನೀನು ಚಿಕ್ಕವಳು, ಇನ್ನೊಂದು ಕೆಲಸ ಸಿಗುತ್ತೆ ಅಂದ್ಕೊಂಡೆ."

ಹುಡುಗಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು.

"ಕಣ್ಣಿನ ವಿಷಯ ನನಗೆ ಗೊತ್ತಿತ್ತು, ಮಾವ," ಎಂದಳು. "ವರ್ಷದಿಂದ ನಿಮ್ಮ ಪಕ್ಕದಲ್ಲೇ ಕೂರ್ತಿದ್ದದ್ದು ಯಾಕೆ ಅಂದ್ಕೊಂಡ್ರಿ? ಆ ಕಾರ್ಡಲ್ಲಿ ನಿಮಗೆ ಕೊಡೋಕೆ ಅಂತಾನೇ ಹತ್ತು ಚಿತ್ರ ಬೇರೆಯಾಗಿ ತೆಗೆದಿಟ್ಟಿದ್ದೆ."