ಎರಡನೆಯ ರಾತ್ರಿಯ ಪ್ರಶ್ನೆ

"ನಿಲ್ಲಿ! ಅಲ್ಲೇ ನಿಲ್ಲಿ! ಹೊಸ್ತಿಲು ದಾಟ್ಬೇಡಿ!"

ತಿರ್ಜಾ ಕೂಗಿದ ರಭಸಕ್ಕೆ ಬಾಗಿಲಲ್ಲಿದ್ದವನು ಎತ್ತಿದ ಕಾಲನ್ನು ಇಳಿಸಲೂ ಮರೆತ. ಅವನ ಕೈಯಲ್ಲಿ ಬಿಸಿಬಿಸಿ ಬನ್ನುಗಳ ಪೊಟ್ಟಣವಿತ್ತು.

ಹೋಬಾರ್ಟ್‌ನ ಯಹೂದಿ ಪ್ರಾರ್ಥನಾಮಂದಿರದ ಹಿಂದಿನ ಪುಟ್ಟ ಕೋಣೆಯಲ್ಲಿ ತಿರ್ಜಾ ಮಕ್ಕಳಿಗೆ ಹೇಳಿಕೊಡುವ ಭಾನುವಾರದ ಧರ್ಮಪಾಠ ನಡೆದಿತ್ತು. ಪೆಸಾಹ್ ಹಬ್ಬದಲ್ಲಿ ಬ್ರೆಡ್ಡು, ಬನ್ನಿನ ಒಂದು ಚೂರೂ ಇರಕೂಡದು. ಅದಕ್ಕೇ ಮಕ್ಕಳು ಮೂಲೆಮೂಲೆಯನ್ನೂ ಹಕ್ಕಿಗರಿಯಿಂದ ಗುಡಿಸಿ ಆಗಷ್ಟೇ ಕೈ ತೊಳೆದು ಬಂದಿದ್ದರು.

"ಮಕ್ಕಳಿಗೆ ಅಂತ ತಂದೆ..." ಅವನು ತಡವರಿಸಿದ.

"ಮಿಸ್, ಅದರ ಮೇಲೆ ಶಿಲುಬೆ ಬೇರೆ ಇದೆ! ಈಸ್ಟರ್ ಬನ್ನು!" ಅವೀವಾ ಎಂಬ ತುಂಟಿ ಕಿರುಚಿದಳು.

ಮಕ್ಕಳು ಬಿದ್ದುಬಿದ್ದು ನಕ್ಕರು. ಅವನ ಕಿವಿಗಳು ಕೆಂಪಾದವು. ಪಾಪ!

ಅವನ ಹೆಸರು ಫೆಲಿಕ್ಸ್, ಕೆಲಸ ದೋಣಿ ರಿಪೇರಿ. ತಾಯಿ ಯಹೂದಿಯಾದರೂ ಮಗನಿಗೆ ಏನೂ ಹೇಳಿಕೊಡದೆ ತೀರಿಹೋಗಿದ್ದಳು.

"ನನಗೂ ಕಲಿಸ್ತೀರಾ? ಅಕ್ಷರದಿಂದ?"

"ಇದು ಮಕ್ಕಳ ಕ್ಲಾಸು."

"ಬನ್ನು ನೋಡಿದ್ರಲ್ಲ ಮಿಸ್... ನಾನು ಮಕ್ಕಳಿಗಿಂತ ಹಿಂದಿದೀನಿ."

ತಿರ್ಜಾಳಿಗೆ ನಗು ತಡೆಯಲಾಗಲಿಲ್ಲ. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಆಮೇಲೆ ವರ್ಷವಿಡೀ ಅವನು ಪುಟಾಣಿ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತು ಓದಿದ. ತಪ್ಪು ಓದಿದರೆ ಅವೀವಾಳಿಂದ ಬೈಸಿಕೊಂಡ. ಭಾನುವಾರ ಬಂತೆಂದರೆ ತಿರ್ಜಾ ಕನ್ನಡಿಯ ಮುಂದೆ ಎರಡು ಸಲ ನಿಲ್ಲತೊಡಗಿದಳು. ಮರುಕ್ಷಣವೇ ತನ್ನನ್ನು ತಾನೇ ಬೈದುಕೊಳ್ಳುವಳು. 'ನಿನಗೆ ಮೂವತ್ತಾರು. ಅವನು ಐದು ವರ್ಷ ಚಿಕ್ಕವನು. ನಾಚಿಕೆಯಾಗಬೇಕು ನಿನಗೆ!'

ಮತ್ತೆ ಪೆಸಾಹ್ ಬಂತು. ಹಬ್ಬದ ಮೊದಲೆರಡು ರಾತ್ರಿಯ ಊಟದ ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕವರು ನಾಲ್ಕು ಪ್ರಶ್ನೆ ಕೇಳಬೇಕು. ಈ ರಾತ್ರಿ ಬೇರೆ ರಾತ್ರಿಗಳಂತಲ್ಲ ಏಕೆ ಎಂದು ಶುರುವಾಗುವ ಆ ಪ್ರಶ್ನೆಗಳನ್ನು ಅವಳು ಮಕ್ಕಳಿಗೆ ರಾಗವಾಗಿ ಕಲಿಸುತ್ತಿದ್ದಳು.

"ಮಿಸ್, ನಿಮ್ಮನೇಲಿ ಯಾರು ಕೇಳ್ತಾರೆ?" ಅವೀವಾ ಕೇಳಿದಳು.

"ಮೊದಲ ರಾತ್ರಿ ಇಲ್ಲೇ ಎಲ್ಲರ ಜೊತೆ ಊಟ ಅಲ್ವಾ? ಎರಡನೇ ರಾತ್ರಿ ಮನೇಲಿ... ನಾನೇ ಕೇಳ್ಕೋತೀನಿ. ಒಬ್ಬರೇ ಇದ್ರೂ ಕೇಳ್ಕೊಳ್ಳಲೇಬೇಕು, ಅದೇ ನಿಯಮ."

ನಗುತ್ತಲೇ ಹೇಳಿದಳು. ಆದರೂ ಕೊನೆಗೆ ಸ್ವರ ಕೈಕೊಟ್ಟಿತು. ಫೆಲಿಕ್ಸ್ ತಲೆ ಎತ್ತಿ ಅವಳನ್ನೇ ನೋಡಿದ.

ಅಂದಿನಿಂದ ಅವನು ಆ ಪ್ರಶ್ನೆಗಳನ್ನು ಬಾಯಿಪಾಠ ಮಾಡಲು ಹಟ ಹಿಡಿದು ಕೂತ. ಹಬ್ಬದ ಹಿಂದಿನ ಭಾನುವಾರ ಅವೀವಾ ಗುಟ್ಟು ಒಡೆದೇಬಿಟ್ಟಳು.

"ಮಿಸ್, ಫೆಲಿಕ್ಸ್ ಯಾಕೆ ಕಲೀತಿದಾರೆ ಗೊತ್ತಾ? ಎರಡನೇ ರಾತ್ರಿ, ಅವರು ಮದುವೆ ಆಗ್ಬೇಕು ಅಂತಿರೋರ ಮನೇಲಿ ಕೇಳೋಕಂತೆ!"

ತಿರ್ಜಾಳ ಎದೆ ಧಸಕ್ಕೆಂದಿತು. 'ಯಾವ ಪುಣ್ಯವಂತೆಯೋ... ಅವನ ವಯಸ್ಸಿನವಳೇ ಇರಬೇಕು. ಅವಳ ಮನೆಗೆ ಹೋಗಲು ನಾನೇ ಅವನನ್ನು ತಯಾರು ಮಾಡಿದೆನಲ್ಲ!'

ಪಾಠ ಮುಗಿದ ಮೇಲೆ ಅವನ ಮುಖ ನೋಡದೆ ಹೇಳಿದಳು. "ನಿಮಗಿನ್ನು ಕಲಿಸೋಕೆ ಏನೂ ಉಳಿದಿಲ್ಲ. ಮುಂದಿನ ವಾರದಿಂದ ಬರ್ಬೇಡಿ."

"ಮಿಸ್... ನಾನೇನು ತಪ್ಪು ಮಾಡ್ದೆ?"

ಅವಳು ಪುಟಾಣಿ ಕುರ್ಚಿಯನ್ನು ಗೋಡೆಗೆ ಸರಿಸಿಟ್ಟಳು, ಅಷ್ಟೇ.

ಎರಡನೆಯ ರಾತ್ರಿ ಬಂತು. ಅಕ್ಕಪಕ್ಕದ ಮನೆಗಳಲ್ಲಿ ಟಿವಿ ಸದ್ದು. ತಿರ್ಜಾಳ ಮೇಜಿನ ಮೇಲೆ ಮೇಣದಬತ್ತಿ, ಹುಳಿಯಿಲ್ಲದ ರೊಟ್ಟಿ, ಕಹಿ ಬೇರು, ಒಂದೇ ಒಂದು ತಟ್ಟೆ. ಪ್ರಶ್ನೆ ಕೇಳಲು ಬಾಯಿ ತೆರೆದಳು. ಪ್ರತಿ ವರ್ಷ ಹೇಗೋ ಕೇಳಿಕೊಳ್ಳುತ್ತಿದ್ದಳು. ಈ ಸಲ ಆಗಲೇ ಇಲ್ಲ... ಕಣ್ಣೀರು ಧಾರೆಯಾಗಿ ಇಳಿಯಿತು.

ಆಗ ಯಾರೋ ಬಾಗಿಲು ತಟ್ಟಿದರು.

ಬಾಗಿಲಲ್ಲಿ ಫೆಲಿಕ್ಸ್! ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸುತ್ತಾ ನಿಂತಿದ್ದ.

"ಬನ್ನು ಇಲ್ಲ ಮಿಸ್. ಒಂದು ಚೂರೂ ಇಲ್ಲ. ನೋಡಿ ಬೇಕಾದ್ರೆ... ಹೊಸ್ತಿಲು ದಾಟಲಾ?"

"ನೀವು... ನೀವು ಹುಡುಗಿ ಮನೆಗೆ ಹೋಗ್ಬೇಕಿತ್ತಲ್ವಾ?"

"ಬಂದಿದೀನಲ್ಲ. ಹಬ್ಬದ ದಿನ ಕಾರು ಹತ್ತಬಾರದು ಅಂತ ನೀವೇ ಹೇಳಿದ್ರಿ. ನದಿಯ ಆಚೆ ದಡದಿಂದ ಸೇತುವೆ ದಾಟಿ ನಡ್ಕೊಂಡೇ ಬಂದೆ. ಬರ್ಬೇಡಿ ಅಂದಿದ್ದು ಕ್ಲಾಸಿಗೆ. ಮನೆಗೆ ಅಲ್ವಲ್ಲ?"

ತಿರ್ಜಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಫೆಲಿಕ್ಸ್, ನಾನು ನಿಮಗಿಂತ ದೊಡ್ಡವಳು..."

"ಗೊತ್ತು. ಚಿಕ್ಕವರೇ ಕೇಳ್ಬೇಕು ಅಂತ ಕಲಿಸಿದೋರು ಯಾರು? ಈ ಮೇಜಲ್ಲಿ ಚಿಕ್ಕವನು ನಾನೇ. ನೀವು ಇನ್ಮೇಲೆ ಒಬ್ಬರೇ ಕೇಳ್ಕೋಬಾರದು."

ಅವಳು ಪಕ್ಕಕ್ಕೆ ಸರಿದಳು.

ಅವನು ನಾಲ್ಕೂ ಪ್ರಶ್ನೆಗಳನ್ನು ಹಾಡಿದ. ಎರಡು ಕಡೆ ತಪ್ಪಿದ. ಅವಳು ತಿದ್ದಲಿಲ್ಲ. ಎರಡನೆಯ ತಟ್ಟೆ ಇಟ್ಟಳು.

"ಇನ್ನೊಂದು ಪ್ರಶ್ನೆ ಇದೆ. ನೀವು ಕಲಿಸಿಲ್ಲ," ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ತಿರ್ಜಾ... ಮುಂದಿನ ವರ್ಷ, ಅದರ ಮುಂದಿನ ವರ್ಷ... ಈ ಮನೇಲಿ ನಾನೇ ಕೇಳಬಹುದಾ?"

ಅವಳು ಕಣ್ಣೊರೆಸಿಕೊಂಡು ಅವನ ಕೈಮೇಲೆ ಕೈಯಿಟ್ಟಳು.

"ನಿನಗಿಂತ ಚಿಕ್ಕವರು ಈ ಮನೆಗೆ ಬರೋ ತನಕ ನೀನೇ ಕೇಳು."